ಮಾಂಡೋವಿಯ ದಂಡೆಯ ಮೇಲೆ ಒಂದು ದಿನ

ಗೋವೆಗೆ ಹೋಗುವ ನಮ್ಮ ಕುಟುಂಬಗಳು ಸಾಮಾನ್ಯವಾಗಿ ಎರಡು ಕಡೆ ಹೋಗಿ ಬರುತ್ತವೆ. ಒಂದು ಹಳೆ ಗೋವೆ. ಅಲ್ಲಿ ಬೊಮ್ ಜೀಸಸ್ ಬಸಿಲಿಕಾದಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರರ ಸಮಾಧಿಗೆ ನಮಿಸಿ, ಬಲಿಪೂಜೆಯಲ್ಲಿ ಭಾಗವಹಿಸಿ, ಒಂದು ಮೇಣದ ಬತ್ತಿ ಹಚ್ಚಿ ಹೊರಡುತ್ತೇವೆ. ಇನ್ನೊಂದು ಸಮುದ್ರ. ಮಕ್ಕಳು ಅಲೆಯಲ್ಲಿ ಆಡಿ ಬಟ್ಟೆ ಒದ್ದೆ ಮಾಡಿಕೊಂಡರೆ ಪ್ರವಾಸ ಮುಗಿದಂತೆ. ಈ ಎರಡರ ನಡುವೆ ಹರಿಯುವ ಮಾಂಡೋವಿ ನದಿಯನ್ನು ನಾವು ಬಸ್ಸಿನ ಕಿಟಕಿಯಿಂದ ನೋಡುತ್ತೇವೆ, ಅಷ್ಟೇ. ಸೇತುವೆ ದಾಟುವಾಗ ಒಂದು ನಿಮಿಷ 'ಆಹಾ' ಎನ್ನುತ್ತೇವೆ, ಆಮೇಲೆ ಮರೆತುಬಿಡುತ್ತೇವೆ.

ಪ್ರಿಯ ಓದುಗರೇ, ಮುಂದಿನ ಸಲ ಗೋವೆಗೆ ಹೋದಾಗ ಒಂದು ಇಡೀ ದಿನವನ್ನು ಈ ನದಿಗೆ ಕೊಡಿ ಎಂದು ಕೇಳಿಕೊಳ್ಳುವುದಕ್ಕಾಗಿಯೇ ಈ ಲೇಖನ. ಹೆಚ್ಚು ಖರ್ಚಿಲ್ಲ, ಹೆಚ್ಚು ಓಡಾಟವಿಲ್ಲ. ಹಿರಿಯರೂ ಮಕ್ಕಳೂ ಒಟ್ಟಿಗೆ ಸಂತೋಷಪಡಬಹುದಾದ ದಿನ ಅದು. ಜೊತೆಗೆ ನಾವು ಯೋಚಿಸಬೇಕಾದ ಒಂದೆರಡು ಮಾತುಗಳನ್ನೂ ಆ ನದಿ ನಮ್ಮ ಮುಂದಿಡುತ್ತದೆ.

ನಮ್ಮ ನಾಡಿನಲ್ಲೇ ಹುಟ್ಟಿದ ನದಿ

ಮಾಂಡೋವಿ ನಮಗೆ ಪರಕೀಯಳಲ್ಲ. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಭೀಮಗಡದ ದಟ್ಟ ಕಾಡಿನಲ್ಲಿ ಅವಳು ಹುಟ್ಟುತ್ತಾಳೆ. ಅಲ್ಲಿ ಅವಳ ಹೆಸರು ಮಹಾದಾಯಿ. ಪಶ್ಚಿಮ ಘಟ್ಟವನ್ನು ಇಳಿದು ಗೋವೆಯ ಸತ್ತರಿ ತಾಲೂಕಿಗೆ ಬಂದಾಗ ಅಲ್ಲಿಯ ಜನ 'ಮ್ಹಾದಯ್' ಎನ್ನುತ್ತಾರೆ. ಇನ್ನೂ ಕೆಳಗೆ ಬಂದು ಅಗಲವಾದ ಮೇಲೆ ಮಾಂಡೋವಿ ಎಂಬ ಹೆಸರು. ಹುಟ್ಟಿನಿಂದ ಸಮುದ್ರದವರೆಗೆ ಅವಳ ದಾರಿ ಸುಮಾರು 80 ಕಿ.ಮೀ. ಮಾತ್ರ. ಕೃಷ್ಣೆ, ಭೀಮೆಯರನ್ನು ಕಂಡವರಿಗೆ ಇದು ತುಂಬಾ ಚಿಕ್ಕ ನದಿ. ಆದರೆ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ ಬೀಳುವ ಸೀಮೆ ಅದು. ಘಟ್ಟದ ಮೇಲೆ ಇನ್ನೂ ಹೆಚ್ಚು. ಆದ್ದರಿಂದ ದಾರಿ ಚಿಕ್ಕದಾದರೂ ನೀರಿಗೆ ಕೊರತೆಯಿಲ್ಲ. ರೈಲಿನಿಂದ ನಾವೆಲ್ಲ ನೋಡುವ ದೂಧಸಾಗರ ಜಲಪಾತದ ನೀರೂ ಖಾಂಡೇಪಾರ್ ಎಂಬ ಉಪನದಿಯ ಮೂಲಕ ಮಾಂಡೋವಿಯನ್ನೇ ಸೇರುತ್ತದೆ. ಅದೇ ಉಪನದಿಯ ದಂಡೆಯ ಮೇಲಿನ ಓಪಾ ಎಂಬಲ್ಲಿಂದ ಪಣಜಿಗೆ ಕುಡಿಯುವ ನೀರು ಬರುತ್ತದೆ.

ಕಳೆದ ಜನವರಿಯಲ್ಲಿ ನಮ್ಮ ಮಾವಶಿಯವರು ಮಗ, ಸೊಸೆ, ಇಬ್ಬರು ಮೊಮ್ಮಕ್ಕಳೊಂದಿಗೆ ಗೋವೆಯ ನಮ್ಮ ಮನೆಗೆ ಬಂದಿದ್ದರು. ಅವರದು ಮಹಾರಾಷ್ಟ್ರದ ಜತ್ತ ತಾಲೂಕಿನ ಒಂದು ಕನ್ನಡ ಹಳ್ಳಿ. ಬೇಸಿಗೆ ಬಂತೆಂದರೆ ಟ್ಯಾಂಕರಿನ ದಾರಿ ಕಾಯುವ ಊರು. ಅವರೊಂದಿಗೆ ನಾವು ಈ ನದಿಯ ಜೊತೆಯಲ್ಲೇ, ಹಳೆ ಗೋವೆಯಿಂದ ಸಮುದ್ರದವರೆಗೆ, ಒಂದು ಭಾನುವಾರ ಇಡೀ ಇಳಿದು ಬಂದೆವು. ಆ ಕ್ರಮದಲ್ಲೇ ಇಲ್ಲಿ ಬರೆಯುತ್ತೇನೆ.

ಹಳೆ ಗೋವೆಯ ದಕ್ಕೆ

ಬೊಮ್ ಜೀಸಸ್ ಬಸಿಲಿಕಾದಲ್ಲಿ ಬೆಳಗಿನ ಬಲಿಪೂಜೆ ಮುಗಿಸಿ, ಎದುರಿನ ಸೇ ಕಥೆದ್ರಾಲನ್ನು ನೋಡಿ, ಉತ್ತರಕ್ಕೆ ಸ್ವಲ್ಪ ನಡೆದರೆ ಕಲ್ಲಿನ ಒಂದು ದೊಡ್ಡ ಕಮಾನು ಸಿಗುತ್ತದೆ. ವಾಸ್ಕೊ ಡ ಗಾಮನ ಮರಿಮಗ ಫ್ರಾನ್ಸಿಸ್ಕೊ ಡ ಗಾಮ ವೈಸರಾಯ್ ಆಗಿದ್ದಾಗ, 16ನೇ ಶತಮಾನದ ಕೊನೆಯಲ್ಲಿ, ಮುತ್ತಜ್ಜನ ನೆನಪಿಗಾಗಿ ಕಟ್ಟಿಸಿದ್ದು ಅದು. ಲಿಸ್ಬನ್ನಿನಿಂದ ಬಂದ ಪ್ರತಿ ಹೊಸ ವೈಸರಾಯ್ ನದಿಯಿಂದ ಇಳಿದು ಈ ಕಮಾನಿನ ಮೂಲಕವೇ ನಗರ ಪ್ರವೇಶಿಸುತ್ತಿದ್ದ. ಕಮಾನಿನ ಆಚೆಗೇ ದಕ್ಕೆ. ಒಂದು ಕಾಲದಲ್ಲಿ ಪೂರ್ವದ ರೋಮ್ ಎಂದು ಕರೆಸಿಕೊಂಡ ನಗರದ ಮುಂಬಾಗಿಲು ಅದಾಗಿತ್ತು.

ಅಂಥ ನಗರವನ್ನು ಕಾಲರಾ, ಮಲೇರಿಯಾ ರೋಗಗಳು ಖಾಲಿ ಮಾಡಿದವು. ಜನ ಮನೆಗಳನ್ನು ಬಿಟ್ಟು ಹೋದರು. 1759ರಲ್ಲಿ ವೈಸರಾಯ್ ನಿವಾಸ ಪಣಜಿಗೆ ಬಂತು, 1843ರಲ್ಲಿ ಪಣಜಿ ಅಧಿಕೃತವಾಗಿ ರಾಜಧಾನಿಯಾಯಿತು. ಊರು ನದಿಯ ದಂಡೆಯಲ್ಲೇ ಸುಮಾರು ಹತ್ತು ಕಿ.ಮೀ. ಕೆಳಗೆ ಸರಿಯಿತು. ಇಂದು ಹಳೆ ಗೋವೆಯಲ್ಲಿ ದೇವಾಲಯಗಳು ಉಳಿದಿವೆ, ನಗರ ಉಳಿದಿಲ್ಲ. ಹತ್ತು ವರ್ಷಕ್ಕೊಮ್ಮೆ ಸಂತರ ಪವಿತ್ರ ಶರೀರದ ಸಾರ್ವಜನಿಕ ದರ್ಶನವಾದಾಗ ಮತ್ತೆ ಅಲ್ಲಿ ಲಕ್ಷಾಂತರ ಜನ. ಕೊನೆಯ ದರ್ಶನ 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ನಡೆಯಿತು.

ಈ ದಕ್ಕೆಯಿಂದ ದಿವಾಡಿ ದ್ವೀಪಕ್ಕೆ ಫೆರಿ ದೋಣಿ ಹೋಗುತ್ತದೆ. ಕೆಲವೇ ನಿಮಿಷದ ಪ್ರಯಾಣ. ಕಾಲ್ನಡಿಗೆಯವರಿಗೆ ಟಿಕೇಟಿಲ್ಲ. ಬೈಕು, ಕಾರು, ಮೀನಿನ ಬುಟ್ಟಿ, ಶಾಲೆಯ ಮಕ್ಕಳು ಎಲ್ಲವೂ ಒಂದೇ ದೋಣಿಯಲ್ಲಿ. ಜೀವನದಲ್ಲೇ ಮೊದಲ ಸಲ ದೋಣಿ ಹತ್ತಿದ ಮಾವಶಿ ಮೊದಲು ಸೊಸೆಯ ಕೈ ಬಿಗಿಯಾಗಿ ಹಿಡಿದಿದ್ದರು. ದೋಣಿ ಹೊರಟ ಮೇಲೆ ಕೈ ಬಿಟ್ಟು ಕಟಕಟೆಯ ಹತ್ತಿರ ಹೋಗಿ ನಿಂತರು.

ದಿವಾಡಿಯಲ್ಲಿ ನೋಡಬೇಕಾದದ್ದು ಪಿಯೆದಾದೆ ಗುಡ್ಡದ ಮೇಲಿನ ಕರುಣಾಮಾತೆಯ ದೇವಾಲಯ. ಅದರ ಅಂಗಳದಿಂದ ಸುತ್ತಲಿನ ಗದ್ದೆಗಳು, ನದಿಯ ಕವಲುಗಳು, ಆಚೆ ದಂಡೆಯ ಹಳೆ ಗೋವೆಯ ಗೋಪುರಗಳು ಒಂದೇ ನೋಟದಲ್ಲಿ ಕಾಣುತ್ತವೆ. ಆ ಗದ್ದೆಗಳಿಗೆ ಇಲ್ಲಿ 'ಖಜಾನ್' ಎನ್ನುತ್ತಾರೆ. ಉಬ್ಬರದ ಉಪ್ಪುನೀರು ಒಳಗೆ ನುಗ್ಗದಂತೆ ಮಣ್ಣಿನ ಒಡ್ಡು ಕಟ್ಟಿ, ಮರದ ಬಾಗಿಲುಗಳಿರುವ ತೂಬು ಇಟ್ಟಿರುತ್ತಾರೆ. ನೀರು ಏರಿದಾಗ ಆ ನೀರಿನ ಒತ್ತಡಕ್ಕೇ ಬಾಗಿಲು ಮುಚ್ಚಿಕೊಳ್ಳುತ್ತದೆ, ಇಳಿದಾಗ ತೆರೆದುಕೊಂಡು ಒಳಗಿನ ನೀರನ್ನು ಹೊರಗೆ ಬಿಡುತ್ತದೆ. ಮಳೆಗಾಲದಲ್ಲಿ ಭತ್ತ, ಆಮೇಲೆ ಮೀನು, ಸಿಗಡಿ. ಕುಮಟೆ, ಕಾರವಾರದ ಕಡೆ 'ಗಜನಿ' ಎನ್ನುವುದೂ ಇಂಥದ್ದೇ ಭೂಮಿ. ನದಿ ಮತ್ತು ಸಮುದ್ರ ಎರಡನ್ನೂ ಅರಿತ ರೈತರು ಮಾತ್ರ ಇಂಥ ಬೇಸಾಯ ಮಾಡಬಲ್ಲರು.

ರಿಬಂದರದ ಕಟ್ಟೆ

ಹಳೆ ಗೋವೆಯಿಂದ ಪಣಜಿಗೆ ಬರುವ ರಸ್ತೆ ನದಿಗೆ ಅಂಟಿಕೊಂಡೇ ಸಾಗುತ್ತದೆ. ರಿಬಂದರದ ಹಂಚಿನ ಮನೆಗಳನ್ನು ದಾಟಿದ ಮೇಲೆ ಒಂದು ಉದ್ದನೆಯ ಕಲ್ಲಿನ ಕಟ್ಟೆಯ ಮೇಲೆ ಬಸ್ಸು ಓಡುತ್ತದೆ. ಎಡಕ್ಕೆ ಹಿಂದಿನ ಉಪ್ಪಿನಾಗರಗಳ ಜೌಗು, ಬಲಕ್ಕೆ ನದಿ. 1630ರ ದಶಕದಲ್ಲಿ ಲಿನ್ಯಾರಿಸ್ ಕೌಂಟ್ ಎಂಬ ವೈಸರಾಯನ ಕಾಲದಲ್ಲಿ ಕಟ್ಟಿದ್ದು, ಸುಮಾರು ಮೂರು ಕಿ.ಮೀ. ಉದ್ದ. ಅಂದು ಕಟ್ಟಿದ ದಾರಿಯ ಮೇಲೆ ಇಂದಿಗೂ ಬಸ್ಸು, ಲಾರಿಗಳು ಓಡುತ್ತಿವೆ.

ಪಕ್ಷಿಗಳಲ್ಲಿ ಆಸಕ್ತಿಯಿರುವವರು ರಿಬಂದರದಿಂದ ಫೆರಿ ಹತ್ತಿ ಚೊಡಣ ದ್ವೀಪಕ್ಕೆ ಹೋಗಬಹುದು. ದ್ವೀಪದ ಪಶ್ಚಿಮದ ತುದಿಯಲ್ಲಿ ಡಾ. ಸಲೀಂ ಅಲಿ ಪಕ್ಷಿಧಾಮವಿದೆ. ವಿಸ್ತೀರ್ಣ ಎರಡು ಚದರ ಕಿ.ಮೀ.ಗೂ ಕಡಿಮೆ. ತುಂಬಾ ಕಾಂಡ್ಲಾ ಕಾಡು. ಕಾಸರಗೋಡಿನ ಓದುಗರಿಗೆ ಈ ಮರಗಳ ಪರಿಚಯ ಚೆನ್ನಾಗಿರುತ್ತದೆ. ಕೆಸರಿನಿಂದ ಮೇಲಕ್ಕೆ ಮೊಳೆಗಳಂತೆ ಎದ್ದು ನಿಂತ ಉಸಿರುಬೇರುಗಳು, ನಡುವೆ ಕುಪ್ಪಳಿಸುವ ಕೆಸರು ಮೀನು, ಕೊಂಬೆಯ ಮೇಲೆ ಮಿಂಚುಳ್ಳಿ. ಬೆಳಗಿನ ಹೊತ್ತೇ ಒಳ್ಳೆಯದು.

ಪಣಜಿಯ ನದಿಯಂಚು

ಕಟ್ಟೆ ಮುಗಿಯುವಲ್ಲಿ ಪಾಟೊ ಪ್ರದೇಶ. ಅಲ್ಲೇ ಕದಂಬ ಬಸ್ ನಿಲ್ದಾಣ. ಬೆಳಗಾವಿ, ಹುಬ್ಬಳ್ಳಿ, ಕಾರವಾರದ ಬಸ್ಸುಗಳು ಬಂದು ನಿಲ್ಲುವುದು ಇಲ್ಲೇ. ಒಂದು ಕಾಲಕ್ಕೆ ಗೋವೆಯನ್ನು ಆಳಿದ ಕದಂಬ ರಾಜರ ಹೆಸರನ್ನು ಗೋವೆ ಸರ್ಕಾರ ತನ್ನ ಸಾರಿಗೆ ಸಂಸ್ಥೆಗೆ ಇಟ್ಟಿದೆ. ಕನ್ನಡಿಗರಿಗೆ ಪರಊರಿನಲ್ಲಿ ಇಳಿದ ತಕ್ಷಣ ಪರಿಚಿತ ಹೆಸರು ಕಂಡು ಮನಸ್ಸಿಗೆ ಹಿತವೆನಿಸುತ್ತದೆ.

ನಿಲ್ದಾಣದ ಪಕ್ಕದಲ್ಲೇ ಔರೆಂ ಎಂಬ ಹಳ್ಳ ಮಾಂಡೋವಿಯನ್ನು ಸೇರುತ್ತದೆ. ಅದರ ಅಂಚಿನ ಕಾಂಡ್ಲಾ ಮರಗಳ ನಡುವೆ ಓಡಾಡಲು ಮರದ ಅಟ್ಟಣಿಗೆಯ ಕಾಲುದಾರಿ ಮಾಡಿದ್ದಾರೆ. ಹಳ್ಳದ ಆಚೆ ಫೊಂತೈನ್ಯಾಸ್ ಬಡಾವಣೆ. ಹಳದಿ, ನೀಲಿ, ಕೆಂಪು ಬಣ್ಣದ ಹಳೆಯ ಮನೆಗಳು, ಇಕ್ಕಟ್ಟಾದ ಓಣಿಗಳು. ಜನ ವಾಸಿಸುವ ಮನೆಗಳವು. ಫೋಟೊ ತೆಗೆಯುವ ಭರದಲ್ಲಿ ಅವರ ಹೊಸ್ತಿಲ ಮೇಲೆ ಹತ್ತಿ ನಿಲ್ಲಬಾರದು.

ಅಲ್ಲಿಂದ ಸ್ವಲ್ಪ ದೂರದಲ್ಲೇ ಅಮಲೋದ್ಭವಿ ಮಾತೆಯ ದೇವಾಲಯ, ಪಣಜಿಯ ಧರ್ಮಕೇಂದ್ರ. 1541ರಲ್ಲಿ ಇಲ್ಲೊಂದು ಚಿಕ್ಕ ಪ್ರಾರ್ಥನಾಲಯವಿತ್ತು. ಆಮೇಲೆ 17ನೇ ಶತಮಾನದಲ್ಲಿ ದೊಡ್ಡದಾಗಿ ಕಟ್ಟಿದರು. ಲಿಸ್ಬನ್ನಿನಿಂದ ತಿಂಗಳುಗಟ್ಟಲೆ ಸಮುದ್ರದಲ್ಲಿ ಕಳೆದ ನಾವಿಕರು ಹಳೆ ಗೋವೆಗೆ ಹೋಗುವ ಮೊದಲು ಇಲ್ಲಿ ಇಳಿದು, ಜೀವ ಉಳಿದಿದ್ದಕ್ಕೆ ಕೃತಜ್ಞತೆ ಸಲ್ಲಿಸುತ್ತಿದ್ದರಂತೆ. ಗೋಪುರದಲ್ಲಿರುವ ದೊಡ್ಡ ಗಂಟೆ ಹಳೆ ಗೋವೆಯ ಪಾಳುಬಿದ್ದ ಅಗುಸ್ತೀನ್ ಮಠದ್ದು. ಪ್ರತಿ ವರ್ಷ ಡಿಸೆಂಬರ್ 8ರ ಹಬ್ಬಕ್ಕೆ ದೇವಾಲಯದ ಮುಂದಿನ ಅಂಕುಡೊಂಕಿನ ಮೆಟ್ಟಿಲುಗಳೆಲ್ಲ ಜನರಿಂದ ತುಂಬುತ್ತವೆ.

ದೇವಾಲಯದಿಂದ ನದಿಯ ಕಡೆಗೆ ಇಳಿದರೆ ಹಳೆಯ ಸೆಕ್ರೆಟೇರಿಯಟ್ ಕಟ್ಟಡ. ಮೂಲದಲ್ಲಿ ಇದು ಬಿಜಾಪುರದ ಯೂಸುಫ್ ಆದಿಲ್ ಶಾಹ 1500ರ ಸುಮಾರಿಗೆ ಕಟ್ಟಿಸಿದ ಬೇಸಿಗೆ ಅರಮನೆ. 1510ರಲ್ಲಿ ಪೋರ್ಚುಗೀಸರ ಕೈಸೇರಿತು. ಮುಂದೆ ವೈಸರಾಯ್‌ಗಳ ನಿವಾಸವಾಯಿತು. ವಿಮೋಚನೆಯ ನಂತರ 2000ರವರೆಗೆ ಗೋವೆಯ ವಿಧಾನಸಭೆ ಇಲ್ಲಿಯೇ ಸೇರುತ್ತಿತ್ತು. ಬಿಜಾಪುರದ ಬಿಸಿಲಿನಿಂದ ಬಂದ ಸುಲ್ತಾನನಿಗೆ ಈ ಜಾಗ ಯಾಕೆ ಇಷ್ಟವಾಯಿತು ಎನ್ನುವುದಕ್ಕೆ ವಿವರಣೆ ಬೇಕಿಲ್ಲ. ಎದುರಿನ ಗಾಳಿಯೇ ಹೇಳುತ್ತದೆ.

ಪಕ್ಕದಲ್ಲೇ ಅಬ್ಬೆ ಫಾರಿಯಾ ಅವರ ಕಂಚಿನ ಪ್ರತಿಮೆ. 1756ರಲ್ಲಿ ಕಾಂದೊಳಿಯಲ್ಲಿ ಹುಟ್ಟಿ, ಗುರುದೀಕ್ಷೆ ಪಡೆದು, ಪ್ಯಾರಿಸಿನಲ್ಲಿ ಹೆಸರು ಮಾಡಿದ ಗೋವೆಯ ಪಾದ್ರಿಗಳು ಇವರು. ಸಂಮೋಹನ ಸ್ಥಿತಿ ಬರುವುದು ಯಾವುದೋ ಕಾಂತಶಕ್ತಿಯಿಂದಲ್ಲ, ವ್ಯಕ್ತಿಯ ಸ್ವಂತ ಮನಸ್ಸಿಗೆ ಕೊಡುವ ಸೂಚನೆಯಿಂದ ಎಂದು ಮೊದಲು ತೋರಿಸಿಕೊಟ್ಟವರಲ್ಲಿ ಒಬ್ಬರು. ಒಬ್ಬ ಹೆಂಗಸಿನ ಮೇಲೆ ಕೈಚಾಚಿ ನಿಂತ ಪ್ರತಿಮೆಯನ್ನು ನೋಡಿ ಮಕ್ಕಳು, 'ಮ್ಯಾಜಿಕ್ ಮಾಡಾಕತ್ತಾನೇನು?' ಎಂದು ಕೇಳಿದರು. ಹೇಳಲು ಒಳ್ಳೆಯ ಕಥೆ ಸಿಕ್ಕಿತು.

ಎದುರು ದಂಡೆಗೆ, ಬೇತಿಗೆ, ಇಲ್ಲಿಂದಲೂ ಫೆರಿ ಇದೆ. ಮೂರು ಸೇತುವೆಗಳಿದ್ದೂ ಫೆರಿ ಯಾಕೆ ಎಂದು ಕೇಳಬಹುದು. 1986ರ ಜುಲೈ 5ರಂದು ಇಲ್ಲಿಯ ಮೊದಲ ಸೇತುವೆ ಕುಸಿದುಬಿತ್ತು. ಹೊಸದು ತೆರೆದದ್ದು 1992ರಲ್ಲಿ. ನಡುವಿನ ವರ್ಷಗಳಲ್ಲಿ ಎರಡೂ ದಂಡೆಗಳನ್ನು ಕೂಡಿಸಿದ್ದು ಈ ದೋಣಿಗಳೇ. ಈಗ ತಂತಿಗಳ ಆಧಾರದ ಮೇಲೆ ನಿಂತ ಅಟಲ್ ಸೇತು ಎಲ್ಲಕ್ಕಿಂತ ಎತ್ತರ. 2019ರ ಜನವರಿಯಲ್ಲಿ ಅದರ ಉದ್ಘಾಟನೆಯಾಯಿತು. ಆದರೂ ಫೆರಿ ನಿಂತಿಲ್ಲ.

ಕಾಂಪಾಲಿನ ತೋಟಗಳು

ಪಣಜಿಯ ನದಿಯಂಚಿನ ನಿಜವಾದ ಸೊಗಸು ಇರುವುದು ಕಾಂಪಾಲಿನಲ್ಲಿ. ಹಳೆಯ ಮೆಡಿಕಲ್ ಕಾಲೇಜಿನ ಕಟ್ಟಡವನ್ನು ದಾಟಿದ ಮೇಲೆ ರಸ್ತೆಯ ಎರಡೂ ಕಡೆ ದೊಡ್ಡ ಮರಗಳು. 2004ರಿಂದ ಭಾರತದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವ ನಡೆಯುತ್ತಿರುವುದು ಈ ಭಾಗದಲ್ಲೇ. ಆ ದಿನಗಳಲ್ಲಿ ದಂಡೆಯೆಲ್ಲ ದೀಪಾಲಂಕಾರ. ಬೇರೆ ದಿನಗಳಲ್ಲಿ ಶಾಂತ.

ಕಾಂಪಾಲ್ ಉದ್ಯಾನಕ್ಕೆ ಫ್ರಾನ್ಸಿಸ್ಕೊ ಲೂಯಿಸ್ ಗೋಮಿಸ್ ಅವರ ಹೆಸರಿದೆ. 1829ರಲ್ಲಿ ಹುಟ್ಟಿದ ಅವರು ವೈದ್ಯರು, ಲೇಖಕರು, ಪೋರ್ಚುಗಲ್ ಸಂಸತ್ತಿನಲ್ಲಿ ಗೋವೆಯ ಪ್ರತಿನಿಧಿಯಾಗಿದ್ದವರು. ಹುಲ್ಲು, ಬೆಂಚು, ಹಳೆಯ ಮರಗಳ ನೆರಳು, ಮುಂದೆ ನದಿ. ಬೆಳಿಗ್ಗೆ ನಡೆಯಲು ಬರುವ ಹಿರಿಯರು, ಮಧ್ಯಾಹ್ನ ಬುತ್ತಿ ಬಿಚ್ಚುವ ಪ್ರವಾಸಿಗಳು, ಸಂಜೆ ಮಕ್ಕಳು. ಹತ್ತಿರದಲ್ಲೇ ಭಗವಾನ್ ಮಹಾವೀರ ಬಾಲ ವಿಹಾರ ಎಂಬ ಮಕ್ಕಳ ಉದ್ಯಾನ. ಉಯ್ಯಾಲೆ, ಜಾರುಬಂಡಿ ಎಲ್ಲ ಇವೆ. ನಮ್ಮ ಮೊಮ್ಮಕ್ಕಳನ್ನು ಅಲ್ಲಿಂದ ಎಬ್ಬಿಸಿಕೊಂಡು ಬರುವುದೇ ದೊಡ್ಡ ಕೆಲಸವಾಯಿತು.

ಅದರ ಸಮೀಪವೇ ಕಲಾ ಅಕಾಡೆಮಿ. ಗೋವೆ ಮೂಲದ ಪ್ರಸಿದ್ಧ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ವಿನ್ಯಾಸ. ದೊಡ್ಡ ಕಟ್ಟಡವಾದರೂ ಗೋಡೆ ಕಟ್ಟಿ ನದಿಯನ್ನು ಮರೆಮಾಡಿಲ್ಲ. ಬಾಗಿಲಿಲ್ಲದ ಪಡಸಾಲೆಯಂಥ ಜಾಗದಲ್ಲಿ ರಸ್ತೆಯ ಕಡೆಯಿಂದ ಒಳಗೆ ಬಂದವನು ನೇರವಾಗಿ ನೀರಿನ ಕಡೆಗೆ ನಡೆದುಹೋಗಬಹುದು ಎಂಬುದೇ ಆ ವಿನ್ಯಾಸದ ಜೀವ. ನಾಟಕ ನೋಡಲು ಬಂದವನಿಗೂ, ಸುಮ್ಮನೆ ಗಾಳಿಗೆ ಬಂದವನಿಗೂ ಒಂದೇ ದಾರಿ. ಸಾರ್ವಜನಿಕ ಕಟ್ಟಡ ಎಂದರೆ ಹೀಗಿರಬೇಕು ಎನಿಸಿತು.

ಇಲ್ಲಿ ನಾವು ಕಟ್ಟೆಯ ಮೇಲೆ ಕುಳಿತಾಗ ಪಕ್ಕದಲ್ಲಿ ಕನ್ನಡ ಮಾತು ಕೇಳಿಸಿತು. ಬಾಗಲಕೋಟೆ ಕಡೆಯ ಒಬ್ಬ ಗವಂಡಿ, ಹೆಂಡತಿ, ಮೂರು ಮಕ್ಕಳು. ಹನ್ನೆರಡು ವರ್ಷದಿಂದ ಗೋವೆಯಲ್ಲಿ ಕಟ್ಟಡದ ಕೆಲಸ. ಒಂದು ಕೋಣೆಯ ಬಾಡಿಗೆ ಮನೆ. ಮಾವಶಿ ತಕ್ಷಣ ಮಾತಿಗಿಳಿದರು.

'ಪ್ರತಿ ಐತವಾರ ಬರ್ತೀರೇನಪಾ ಇಲ್ಲಿ?'

'ಬರ್ತೀವ್ರಿ ಅಮ್ಮಾರ. ಮತ್ತೆಲ್ಲಿ ಹೋಗೂನ್ರಿ? ಎಲ್ಲಿ ಹೋದ್ರೂ ರೊಕ್ಕ. ಈ ಕಟ್ಟಿ ಮ್ಯಾಲ ಕುಂತ್ರ ಯಾರೂ ಏಳಂತ ಅನ್ನೂದಿಲ್ರಿ.'

ಮಾವಶಿ ಬುತ್ತಿಯ ಡಬ್ಬಿ ಬಿಚ್ಚಿ ಶೇಂಗಾ ಹೋಳಿಗೆ ಕೊಟ್ಟರು. ಅವರು ಚುರುಮುರಿ ಕೊಟ್ಟರು. ಮಕ್ಕಳು ಒಂದಾಗಿ ಆಡಲು ಓಡಿದವು.

ಆ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ಊರಿನ ಕಟ್ಟಡಗಳನ್ನು ಕಟ್ಟುವವನಿಗೆ ಆ ಊರಿನಲ್ಲಿ ಯಾರೂ ಎಬ್ಬಿಸದೆ ಕೂರಲು ಇರುವ ಜಾಗ ಎಷ್ಟು? ಇಂಥ ನದಿಯಂಚಿನ ತೋಟಗಳು ಸಿರಿವಂತರಿಗೆ ಒಂದು ನೋಟ ಮಾತ್ರ. ಒಂದು ಕೋಣೆಯಲ್ಲಿ ಐದು ಜನ ಬಾಳುವ ಕುಟುಂಬಕ್ಕೆ ಅವು ಮನೆಯ ಅಂಗಳ.

ಹಾಗೆ ಯೋಚಿಸಿದಾಗ ನದಿಯ ನಡುವೆ ಲಂಗರು ಹಾಕಿ ನಿಂತ ಕ್ಯಾಸಿನೊ ಹಡಗುಗಳು ಕಣ್ಣಿಗೆ ಚುಚ್ಚುತ್ತವೆ. ಕತ್ತಲಾದ ಮೇಲೆ ಅವುಗಳ ಬಣ್ಣದ ದೀಪಗಳೇ ನೀರನ್ನೆಲ್ಲ ತುಂಬುತ್ತವೆ. ದಂಡೆಯಲ್ಲಿ ಅವುಗಳ ಕಚೇರಿ, ಅವುಗಳ ದಕ್ಕೆ, ಅವುಗಳ ವಾಹನ. ಜೂಜಿನಿಂದ ಹಾಳಾದ ಮನೆಗಳ ಕಥೆ ನಮ್ಮ ಧರ್ಮಕೇಂದ್ರಗಳಿಗೆ ಹೊಸದಲ್ಲ. ಇವುಗಳನ್ನು ನದಿಯಿಂದ ಬೇರೆಡೆಗೆ ಸಾಗಿಸಬೇಕೆಂದು ಪಣಜಿಯ ನಾಗರಿಕರು ಅನೇಕ ಸಲ ಬೀದಿಗಿಳಿದಿದ್ದಾರೆ. ಸಾಗಿಸುತ್ತೇವೆ ಎಂಬ ಮಾತೂ ವರ್ಷಗಳಿಂದ ಕೇಳುತ್ತಿದೆ. ಸರ್ಕಾರಕ್ಕೆ ವರಮಾನ, ಕೆಲವರಿಗೆ ಉದ್ಯೋಗ ಎಂಬುದು ನಿಜ. ಆದರೆ ಎಲ್ಲರಿಗೂ ಸೇರಿದ ನೀರು ಮತ್ತು ದಂಡೆ ಸ್ವಲ್ಪ ಸ್ವಲ್ಪವಾಗಿ ಹಣ ಕೊಡುವವರ ಪಾಲಾಗುತ್ತ ಹೋದರೆ, ಐತವಾರದ ಆ ಗವಂಡಿ ಎಲ್ಲಿ ಹೋಗಬೇಕು?

ಮಾವಶಿಯ ಪ್ರಶ್ನೆ

ಕಾಂಪಾಲಿನಿಂದ ನಿಧಾನವಾಗಿ ನಡೆದರೂ ಅರ್ಧ ಗಂಟೆಯೊಳಗೆ ಮೀರಾಮಾರ್. ಅಲ್ಲಿ ಮಾಂಡೋವಿ ಅರಬ್ಬಿ ಸಮುದ್ರವನ್ನು ಸೇರುತ್ತದೆ. ಗೋವೆಯ ಮೊದಲ ಮುಖ್ಯಮಂತ್ರಿ ದಯಾನಂದ ಬಾಂದೋಡ್ಕರ್ ಅವರ ಸಮಾಧಿಯೂ ಅಲ್ಲೇ ಇದೆ. ಅಗಲವಾದ ಮರಳು, ಹಿಂದೆ ಗಾಳಿಮರಗಳ ಸಾಲು. ಎದುರಿಗೆ ಅಗುವಾದ ಕೋಟೆ. 'ಅಗುವಾ' ಎಂದರೆ ಪೋರ್ಚುಗೀಸ್ ಭಾಷೆಯಲ್ಲಿ ನೀರು. ದೂರದಿಂದ ಬಂದ ಹಡಗುಗಳು ಅಲ್ಲಿಯ ಸಿಹಿನೀರಿನ ಒರತೆಯಿಂದ ಪೀಪಾಯಿ ತುಂಬಿಸಿಕೊಳ್ಳುತ್ತಿದ್ದವು.

ಮಾವಶಿ ಬಹಳ ಹೊತ್ತು ನೀರನ್ನೇ ನೋಡುತ್ತ ನಿಂತಿದ್ದರು. ಕೊನೆಗೆ ಕೇಳಿದರು:

'ಅಲ್ಲೋ ತಮ್ಮಾ, ಇಷ್ಟೆಲ್ಲಾ ನೀರು ಸುಮ್ಮನ ಸಮುದ್ರಕ್ಕ ಹೋಗಿ ಬೀಳತೈತಿ. ನಮ್ಮ ಕಡೆ ಒಂದು ಕೊಡಾ ನೀರಿಗೆ ಜಗಳಾ ಆಗತಾವು. ಇದನ್ನ ಈ ಕಡೆ ತರಾಕ ಬರೂದಿಲ್ಲೇನು?'

'ಇದು ಉಪ್ಪು ನೀರೈತಿ ಮಾವಶಿ. ಬಾಯಾಗ ಹಾಕ್ಕೊಳ್ಳಾಕ ಬರೂದಿಲ್ಲ' ಎಂದೆ.

'ಮ್ಯಾಲಿಂದ ಸಿಹಿನೇ ಬರತೈತಲ್ಲ' ಎಂದರು ಅವರು.

ಮಾವಶಿಯ ಈ ಪ್ರಶ್ನೆಯೇ ಮೂರು ರಾಜ್ಯಗಳ ನಡುವೆ ದಶಕಗಳಿಂದ ನಡೆಯುತ್ತಿರುವ ವಿವಾದ. ಮಹಾದಾಯಿಯ ತಲೆಭಾಗದ ಕಳಸಾ, ಬಂಡೂರಿ ಹಳ್ಳಗಳ ನೀರನ್ನು ಮಲಪ್ರಭೆಗೆ ತಿರುಗಿಸಿದರೆ ಹುಬ್ಬಳ್ಳಿ–ಧಾರವಾಡದ ಮತ್ತು ಸುತ್ತಲಿನ ಊರುಗಳ ಕುಡಿಯುವ ನೀರಿನ ಬವಣೆ ನೀಗುತ್ತದೆ ಎಂಬುದು ಕರ್ನಾಟಕದ ಮಾತು. ನರಗುಂದ, ನವಲಗುಂದದ ರೈತರು ಇದಕ್ಕಾಗಿ ವರ್ಷಗಟ್ಟಲೆ ಧರಣಿ ಕೂತಿದ್ದಾರೆ. ಗೋವೆಯ ಮಾತು ಬೇರೆ. ಬೇಸಿಗೆಯಲ್ಲಿ ಈ ನದಿಗೆ ಸಿಹಿನೀರು ಬಹಳ ಕಡಿಮೆ. ಉಬ್ಬರ ನದಿಯೊಳಗೆ ನಲವತ್ತು ಕಿ.ಮೀ.ಗೂ ಮೇಲೆ, ಗಾಂಜೆ ಎಂಬ ಊರಿನವರೆಗೂ ಮುಟ್ಟುತ್ತದೆ. ಮೇಲಿನಿಂದ ಬರುವ ನೀರು ಕಡಿಮೆಯಾದರೆ ಉಪ್ಪು ಇನ್ನೂ ಮೇಲಕ್ಕೆ ಏರುತ್ತದೆ. ಆಗ ಖಜಾನ್ ಗದ್ದೆ, ಕಾಂಡ್ಲಾ ಕಾಡು, ಮೀನು, ಚಿಪ್ಪು ಎಲ್ಲಕ್ಕೂ ಪೆಟ್ಟು ಎಂಬುದು ಅವರ ಆತಂಕ. ನ್ಯಾಯಮಂಡಳಿ 2018ರ ಆಗಸ್ಟ್ 14ರಂದು ತೀರ್ಪು ಕೊಟ್ಟು ಕರ್ನಾಟಕಕ್ಕೆ 13.42, ಗೋವೆಗೆ 24, ಮಹಾರಾಷ್ಟ್ರಕ್ಕೆ 1.33 ಟಿ.ಎಂ.ಸಿ. ಎಂದು ಹಂಚಿತು. ಅದು ಯಾರಿಗೂ ಪೂರ್ತಿ ಒಪ್ಪಿಗೆಯಾಗದೆ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು.

ಗಡಿಯಲ್ಲಿ ಬಾಳುವ ನಮ್ಮಂಥವರಿಗೆ ಇಂಥ ಜಗಳಗಳು ನೋವಿನವು. ಮನೆಮಾತು ಒಂದು ರಾಜ್ಯದ್ದು, ಅನ್ನ ಇನ್ನೊಂದು ರಾಜ್ಯದ್ದು. ವಿವಾದ ಕಾವೇರಿದಾಗ ಬಸ್ಸು ನಿಲ್ಲುತ್ತದೆ, ಅಂಗಡಿಯ ಕನ್ನಡ ಫಲಕದ ಮೇಲೆ ಕಣ್ಣು ಬೀಳುತ್ತದೆ. ಯಾರ ಪರ ಎಂದು ಕೇಳುವವರಿಗೆ ನಾವು ಏನು ಹೇಳಬೇಕು? ಜತ್ತದ ಕೊಡವೂ ಸುಳ್ಳಲ್ಲ, ದಿವಾಡಿಯ ಗದ್ದೆಯೂ ಸುಳ್ಳಲ್ಲ. ನೀರಿನ ಲೆಕ್ಕ ಮಾಡುವುದು ನ್ಯಾಯಾಲಯದ ಕೆಲಸ. ನಮ್ಮ ಕೆಲಸ ಒಂದಿದೆ: ಎರಡೂ ಕಡೆಯ ಕಷ್ಟವನ್ನು ಕಣ್ಣಾರೆ ಕಂಡವರಾಗಿ, ಒಬ್ಬರ ಮುಂದೆ ಇನ್ನೊಬ್ಬರ ಕಷ್ಟವನ್ನು ಹೇಳುವುದು. ಆ ಬೆಳಿಗ್ಗೆ ದಿವಾಡಿಯ ಒಡ್ಡನ್ನು ನೋಡಿದ್ದ ಮಾವಶಿ ನನ್ನ ವಿವರಣೆ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, 'ಹಂಗಾದ್ರ ಇದು ಸುಮ್ಮನ ಬೀಳೂ ನೀರಲ್ಲ ಬಿಡು. ದಾರ್ಯಾಗ ಎಲ್ಲಾರಿಗೂ ಉಣಿಸಿ ಬಂದೈತಿ' ಎಂದರು. ಒಂದಿಷ್ಟು ತಡೆದು, 'ಆದ್ರೂ ನಮಗ ನೀರು ಬೇಕಪಾ' ಎಂದೂ ಸೇರಿಸಿದರು. ಎರಡೂ ಮಾತು ಸರಿ.

ಹೋಗುವವರಿಗೆ ನಾಲ್ಕು ಮಾತು

ನವೆಂಬರಿನಿಂದ ಫೆಬ್ರುವರಿವರೆಗೆ ಹವೆ ಹಿತವಾಗಿರುತ್ತದೆ. ಡಿಸೆಂಬರ್ 3ರ ಸಂತ ಕ್ಸೇವಿಯರರ ಹಬ್ಬದ ಸುತ್ತಮುತ್ತ ಬಹಳ ಜನಸಂದಣಿ, ಮೊದಲೇ ವಸತಿ ನೋಡಿಕೊಳ್ಳಿ. ಮಳೆಗಾಲದ ಮಾಂಡೋವಿ ಕೆಂಪಗೆ, ತುಂಬಿ ಹರಿಯುತ್ತದೆ. ಅದನ್ನೂ ಒಮ್ಮೆ ನೋಡಬೇಕು, ಆದರೆ ದೂರದಿಂದ.

ಬೆಳಿಗ್ಗೆ ಹಳೆ ಗೋವೆ ಮತ್ತು ದಿವಾಡಿ, ಮಧ್ಯಾಹ್ನ ಪಣಜಿ, ಬಿಸಿಲು ಇಳಿದ ಮೇಲೆ ಕಾಂಪಾಲ್, ಸೂರ್ಯಾಸ್ತಕ್ಕೆ ಮೀರಾಮಾರ್. ಈ ಕ್ರಮ ಮಕ್ಕಳಿಗೂ ಹಿರಿಯರಿಗೂ ಸುಲಭ. ಹಳೆ ಗೋವೆಯಿಂದ ಪಣಜಿಗೆ, ಪಣಜಿಯಿಂದ ಮೀರಾಮಾರಿಗೆ ಬಸ್ಸುಗಳಿವೆ. ಸಂಜೆಯ ಹೊತ್ತು ಸಾಂತಾ ಮೋನಿಕಾ ದಕ್ಕೆಯಿಂದ ಟಿಕೇಟು ಕೊಟ್ಟು ದೋಣಿ ವಿಹಾರಕ್ಕೂ ಹೋಗಬಹುದು. ಹಾಡು, ಕುಣಿತ ಇರುತ್ತದೆ. ಅದು ಬೇಡವೆಂದರೆ ಫೆರಿಯೇ ಸಾಕು. ನದಿ ಒಂದೇ.

ಮೀರಾಮಾರಿನಲ್ಲಿ ನದಿ ಮತ್ತು ಸಮುದ್ರ ಕೂಡುವುದರಿಂದ ನೀರಿನ ಸೆಳೆತ ಮೋಸದ್ದು. ಮಕ್ಕಳನ್ನು ಕಾಲು ತೋಯುವಷ್ಟಕ್ಕಿಂತ ಮುಂದೆ ಬಿಡಬೇಡಿ. ಬುತ್ತಿ, ನೀರು ಮನೆಯಿಂದಲೇ ಒಯ್ಯಿರಿ. ಒಯ್ದ ಪ್ಲಾಸ್ಟಿಕ್ಕನ್ನು ಮರಳಿ ತನ್ನಿರಿ. ಉಬ್ಬರ ಇಳಿದಾಗ ಕಾಂಡ್ಲಾ ಬೇರುಗಳಿಗೆ ಸಿಕ್ಕಿಕೊಂಡ ಚೀಲ, ಬಾಟಲಿಗಳನ್ನು ನೋಡಿದರೆ ಅವೆಲ್ಲ ಯಾರೋ ಒಬ್ಬರ ಪ್ರವಾಸದ ಗುರುತು ಎಂದು ತಿಳಿಯುತ್ತದೆ. ದಂಡೆ ಎಲ್ಲರದು ಎನ್ನುವ ಹಕ್ಕಿನ ಜೊತೆಗೆ ಅದನ್ನು ಹೊಲಸು ಮಾಡದಿರುವ ಹೊಣೆಯೂ ಎಲ್ಲರದೇ.

ನಮ್ಮ ಊರುಗಳಿಗೂ ಒಂದೊಂದು ನದಿಯಿದೆ. ಕಾಸರಗೋಡಿಗೆ ಚಂದ್ರಗಿರಿ, ವಯನಾಡಿಗೆ ಕಬಿನಿ, ಹೊಸೂರಿನ ಸೀಮೆಗೆ ದಕ್ಷಿಣ ಪಿನಾಕಿನಿ, ಸೊಲ್ಲಾಪುರ ಜಿಲ್ಲೆಗೆ ಭೀಮೆ, ರಾಯದುರ್ಗದ ಕಡೆಗೆ ಹಗರಿ. ಅವುಗಳಲ್ಲಿ ಕೆಲವು ವರ್ಷದ ಹೆಚ್ಚು ಕಾಲ ಒಣಗಿರುತ್ತವೆ, ಕೆಲವಕ್ಕೆ ಊರಿನ ಕೊಳಚೆ ಸೇರುತ್ತದೆ. ಅವುಗಳ ದಂಡೆಯಲ್ಲಿ ಒಂದು ಬೆಂಚು, ನಾಲ್ಕು ಮರ, ಕಸವಿಲ್ಲದ ಒಂದು ಮೆಟ್ಟಿಲಸಾಲು ಇದ್ದರೆ ಅಲ್ಲೂ ಸಂಜೆ ಕುಟುಂಬಗಳು ಬಂದು ಕೂರುತ್ತವೆ. ನಮ್ಮ ಧರ್ಮಕೇಂದ್ರದ ಯುವಕರು ವರ್ಷಕ್ಕೊಮ್ಮೆಯಾದರೂ ಅಂಥ ಒಂದು ಜಾಗವನ್ನು ಸ್ವಚ್ಛ ಮಾಡಿ, ನಾಲ್ಕು ಗಿಡ ನೆಟ್ಟು, ಅವು ಬೇರೂರುವವರೆಗೆ ನೀರು ಹಾಕಿದರೆ ಅದು ದೊಡ್ಡ ಸೇವೆ. ಒಂದು ಕೋಣೆಯ ಮನೆಯಲ್ಲಿ ಬಾಳುವ ಯಾವುದೋ ಕುಟುಂಬಕ್ಕೆ ಅದು ಭಾನುವಾರದ ಅಂಗಳವಾದೀತು.